ಬಟವಾಡೆಯ ರಿವಾಲ್ವರ್

— ತೆರೆದು ಕೊಡು. ಮುಚ್ಚಿದ್ದನ್ನು ಯಾರ ಕೈಗೂ ಕೊಡಬಾರದು.

— ಖಾಲಿ ಇದೆ ಅಪ್ಪಯ್ಯ. ಈಗಷ್ಟೇ ನೀವೇ ನೋಡಿದಿರಲ್ಲ.

— ನಾನು ನೋಡಿದ್ದು ನನ್ನ ಮಟ್ಟಿಗಾಯಿತು. ನಿನ್ನ ಕೈಗೆ ಬಂದ ಮೇಲೆ ನೀನು ನೋಡಬೇಕು. ಮರಳಿ ನನ್ನ ಕೈಗೆ ಬಂದಾಗ ನಾನು ಇನ್ನೊಂದು ಸಲ ನೋಡಬೇಕು. ಎಡಗಡೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಸಣ್ಣ ಹಿಡಿ ಇದೆ, ಅದನ್ನೊತ್ತಿ ನಳಿಗೆ ಕೆಳಕ್ಕೆ ಬಾಗಿಸು.

— ತೋಟಾ ಕೋವಿ ಮಡಚಿದ ಹಾಗೇ ಆಯಿತು.

— ಅದೇ ಜಾತಿ. ನಡುವಿನಿಂದ ನಕ್ಷತ್ರದಂಥ ಬಿಲ್ಲೆಯೊಂದು ಎದ್ದು ಟಪ್ಪೆಂದು ಕೂತಿತು ನೋಡು, ಹೊಡೆದಾದ ಆರೂ ಕೇಸುಗಳನ್ನು ಅದು ಒಂದೇ ಸಲಕ್ಕೆ ಹೊರಗೆ ಚೆಲ್ಲುತ್ತದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿಯವರಿಗೆ ಹೆಸರು ತಂದಿದ್ದು ಈ ಏರ್ಪಾಟು. 1887ರಲ್ಲಿ ಬ್ರಿಟಿಷ್ ಸೈನ್ಯ ಅವರ ಮೊದಲ ಮಾದರಿಯನ್ನು ತೆಗೆದುಕೊಂಡಿತು. ಸಿನಿಮಾಗಳಲ್ಲಿ ಬ್ರಿಟಿಷ್ ಆಫೀಸರುಗಳ ಕೈಯಲ್ಲಿ ಕಾಣುವ ದೊಡ್ಡದು 1915ರ ಮಾರ್ಕ್ 6. ಆರಿಂಚು ನಳಿಗೆ, ಕಿಲೋ ದಾಟುವ ತೂಕ. ನಮ್ಮದು ಮಾರ್ಕ್ 4, .32 ಬೋರು. ಅಂಕಿ ನೋಡಿ ಮೋಸಹೋಗಬೇಡ, ಈ ನಾಲ್ಕು ಹುಟ್ಟಿದ್ದು ಆ ಆರು ಹುಟ್ಟಿದ ಮೇಲೆ.

— ಅಜ್ಜಯ್ಯ ಯಾವಾಗ ಕೊಂಡಿದ್ದು?

— 1958. ನನಗೆ ನಾಲ್ಕು ವರ್ಷ. ಆಗಿನ್ನೂ 1878ರ ಬ್ರಿಟಿಷರ ಕಾಯಿದೆಯೇ ನಡೆಯುತ್ತಿತ್ತು. ನಮ್ಮ ಕಾಯಿದೆ ಬಂದಿದ್ದು ಮರುವರ್ಷ, ಅದರ ನಿಯಮಗಳು 1962ರಲ್ಲಿ. ಆ ಹಳೆಯ ಕಾಯಿದೆ ಜನರಿಗೆ ಎಷ್ಟು ನೋವು ಕೊಟ್ಟಿತ್ತೆಂದರೆ, 1930ರಲ್ಲಿ ಗಾಂಧೀಜಿ ವೈಸರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಆಯುಧದ ಲೈಸೆನ್ಸ್ ಕೊಡಬೇಕೆಂಬುದೂ ಒಂದಾಗಿತ್ತು.

— ಗಾಂಧೀಜಿಯೇ?

— ಅವರೇ. ಆಯುಧ ಹಿಡಿಯಿರಿ ಎಂದಲ್ಲ. ಇಡೀ ಜನವನ್ನೇ ನಂಬುವುದಿಲ್ಲ ಎನ್ನುವ ಸರಕಾರ ಬೇಡ ಎಂದು. ಅದನ್ನು ನಾನು ಹೀಗೇ ಅರ್ಥ ಮಾಡಿಕೊಂಡಿದ್ದೇನೆ. ಇನ್ನು ಅಜ್ಜಯ್ಯ ಕೊಂಡಿದ್ದು ಬಟವಾಡೆಗಾಗಿ. ಶನಿವಾರ ಬೆಳಿಗ್ಗೆ ಪೇಟೆಗೆ ಹೋಗಿ ಬ್ಯಾಂಕಿನಿಂದ ಆಳುಗಳ ವಾರದ ಸಂಬಳ ತರಬೇಕಿತ್ತು. ಕ್ಯಾನ್ವಾಸ್ ಚೀಲದ ತುಂಬ ಒಂದು ರೂಪಾಯಿ, ಎರಡು ರೂಪಾಯಿಯ ನೋಟು. ಘಾಟಿಯ ಹತ್ತು ಮೈಲಿ ದಾರಿಯಲ್ಲಿ ಒಂದು ಮನೆ ಇರಲಿಲ್ಲ. ಜೀಪಿನಲ್ಲಿ ಅವರು, ಡ್ರೈವರ್, ಆ ಚೀಲ, ಮತ್ತೆ ಇದು. ಇಪ್ಪತ್ತಮೂರು ವರ್ಷ ಹೀಗೆ ನಡೆಯಿತು. ಒಂದು ದಿನವೂ ಇದನ್ನು ಚರ್ಮದ ಚೀಲದಿಂದ ಹೊರಗೆ ತೆಗೆಯುವ ಸಂದರ್ಭ ಬರಲಿಲ್ಲ.

— ಈಗ ಸಂಬಳ ಫೋನಿನಲ್ಲೇ ಹೋಗುತ್ತದೆ. ಹಾಗಾದರೆ ಇದು ಯಾಕೆ ಅಪ್ಪಯ್ಯ? ನಾನು ಬೆಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ನಿಮಗೆ 70 ದಾಟಿತು, ವಾರಸುದಾರರಿಗೆ ವರ್ಗ ಮಾಡಬಹುದು ಅಂತ ನಿಯಮ ಇದೆ, ಸರಿ. ಡೀಲರ್‌ಗೆ ಮಾರಲೂಬಹುದು. ಠಾಣೆಗೆ ಒಪ್ಪಿಸಲೂಬಹುದು. ಮನೆಯಲ್ಲಿ ಮಕ್ಕಳು ಓಡಾಡುತ್ತಾರೆ.

— ಕೇಳಬೇಕಾದ ಪ್ರಶ್ನೆಯೇ. ಉತ್ತರ ನಿಧಾನಕ್ಕೆ ಕೊಡುತ್ತೇನೆ. ಮೊದಲು ಆ ಹಳೆಯ ಪಂಚೆಯ ಚೂರು ಇತ್ತ ತಾ. ನಾಳಿದ್ದು ಆಯುಧಪೂಜೆ, ಅದರೊಳಗೆ ಎಣ್ಣೆ ಮುಟ್ಟಿಸಬೇಕು.

— ಕೊಬ್ಬರಿ ಎಣ್ಣೆಯಾ?

— ಅಯ್ಯೋ ಮಾರಾಯ್ತಿ, ಆ ಹೆಸರೆತ್ತಬೇಡ! ಅಜ್ಜಯ್ಯ ಹೋದ ಮೇಲೆ ನಿನ್ನ ಅಜ್ಜಿ ಇದಕ್ಕೆ ಪ್ರತಿ ಅಮಾವಾಸ್ಯೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಅವರಿಗದು ಗಂಡನ ನೆನಪು, ಪ್ರೀತಿಯಿಂದ ಮಾಡಿದ್ದು. ಲೈಸೆನ್ಸ್ ನನ್ನ ಹೆಸರಿಗಾಗಿ ನಾನು ತೆರೆಯಲು ಹೋದರೆ ನಳಿಗೆ ಬಾಗಲಿಲ್ಲ, ಸಿಲಿಂಡರ್ ತಿರುಗಲಿಲ್ಲ. ಎಣ್ಣೆ ಒಳಗೆಲ್ಲ ಗೋಂದಾಗಿ ಕಟ್ಟಿಕೊಂಡಿತ್ತು. ಪೇಟೆಯಲ್ಲಿ ಕೋವಿ ರಿಪೇರಿಯ ಮುದುಕರೊಬ್ಬರಿದ್ದರು. ಅವರು ಇದನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟರು. ಹೊಲಿಗೆ ಯಂತ್ರದ ಎಣ್ಣೆ ಸಾಕು, ಅದೂ ಹನಿ ಲೆಕ್ಕದಲ್ಲಿ, ಅಂದರು. ಇನ್ನೊಂದು ಮಾತನ್ನೂ ಹೇಳಿದರು: ಅಂಗಡಿಯ ಸ್ಕ್ರೂಡ್ರೈವರ್ ಹಾಕಿ ಒಂದು ಸ್ಕ್ರೂ ತಿರುಗಿಸಿದರೂ ಅದರ ತಲೆ ಕಿತ್ತುಹೋಗುತ್ತದೆ, ಇದರ ಸ್ಕ್ರೂಗಳ ಸೀಳು ಸಪೂರ, ಅಳತೆಗೆ ತಕ್ಕಂತೆ ಉಜ್ಜಿದ ತುದಿಯೇ ಬೇಕು ಎಂದು. ಅವರು ಮಾಡಿಕೊಟ್ಟ ಎರಡು ಸ್ಕ್ರೂಡ್ರೈವರ್ ಆ ಡಬ್ಬಿಯಲ್ಲಿವೆ. ಅವರು ಈಗಿಲ್ಲ.

— ಚರ್ಮದ ಚೀಲ ಎಲ್ಲಿ? ಫೋಟೋದಲ್ಲಿ ಅಜ್ಜಯ್ಯನ ಸೊಂಟದಲ್ಲಿದೆಯಲ್ಲ.

— ಬೇರೆ ಪೆಟ್ಟಿಗೆಯಲ್ಲಿದೆ. ಎರಡನ್ನೂ ಒಟ್ಟಿಗೆ ಇಡಬಾರದು. ನಮ್ಮ ಮಳೆಗಾಲದಲ್ಲಿ ಚರ್ಮ ನೀರು ಹೀರಿಕೊಳ್ಳುತ್ತದೆ, ಹದ ಮಾಡಲು ಹಾಕಿದ ಒಗರೂ ಅದರಲ್ಲಿರುತ್ತದೆ. ಜೂನ್‌ನಲ್ಲಿ ಒಳಗಿಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಉಕ್ಕಿನ ಮೇಲೆ ಸಿಡುಬಿನ ಕಲೆ. ಇಲ್ಲಿ ನೋಡು, ನಳಿಗೆಯ ಬಲಗಡೆ ಚುಕ್ಕಿ ಚುಕ್ಕಿ. ಅದು ಅಜ್ಜಯ್ಯನ ಕಾಲದ್ದು.

— ಹಿಡಿಕೆಯ ಮೇಲ್ಗಡೆ ಈ ದುಂಡನೆಯ ಕಲೆ?

— ಅದು ಅಜ್ಜಿಯ ಬೆರಳು.

— ಏನು?

— ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ನೀರಲ್ಲಿ ಕಲಸಿ ಹಚ್ಚುತ್ತಿದ್ದರು. ಕತ್ತಿ, ಗುದ್ದಲಿ, ತೋಟಾ ಕೋವಿ, ಇದು, ಎಲ್ಲದಕ್ಕೂ. ಯಾವುದೋ ವರ್ಷ ಒರೆಸುವುದು ಮರೆತುಹೋಗಿದೆ. ಹಸಿ ಅರಿಶಿನದ ಕೆಳಗೆ ತುಕ್ಕು ಹಿಡಿದು ಬೊಟ್ಟಿನ ಗುರುತು ಹಾಗೇ ಉಳಿಯಿತು. ಪಾಲಿಶ್ ಮಾಡಿಸಿ ಹೊಸದಾಗಿ ಬಣ್ಣ ಏರಿಸೋಣ ಅಂತ ಎಷ್ಟೋ ಜನ ಹೇಳಿದರು. ಹಳೆಯದನ್ನು ಬಲ್ಲವರು ಯಾರೂ ಅದನ್ನು ಮಾಡುವುದಿಲ್ಲ. ಚಕ್ರಕ್ಕೆ ಹಿಡಿದು ಉಜ್ಜಿದರೆ ಅಕ್ಷರದ ಅಂಚು ಕರಗುತ್ತದೆ, ಮುದ್ರೆ ಮಾಸುತ್ತದೆ. ಕಿರೀಟದ ಕೆಳಗೆ ಬಿಎನ್‌ಪಿ ಅಂತ ಇದೆ ನೋಡು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನದು. 1813ರಿಂದ ಅಲ್ಲಿ ಕೋವಿಗಳಿಗೆ ಬೇಕೆಂದೇ ಜೋರಾದ ಮದ್ದು ತುಂಬಿ ಹೊಡೆದು, ತಡೆದುಕೊಂಡದ್ದಕ್ಕೆ ಮಾತ್ರ ಮುದ್ರೆ ಒತ್ತುತ್ತಾರೆ. ಆ ಕಿರೀಟವನ್ನೂ ಈ ಬೊಟ್ಟನ್ನೂ ನಾನು ಅಳಿಸುವುದಿಲ್ಲ. ತುಕ್ಕು ಮುಂದುವರಿಯದ ಹಾಗೆ ಎಣ್ಣೆ ಹಚ್ಚುತ್ತೇನೆ, ಅಷ್ಟೇ.

— ಇಷ್ಟು ಹಳೆಯದಕ್ಕೂ ಲೈಸೆನ್ಸ್ ಬೇಕಾ? ಅಮೆರಿಕದಲ್ಲಿ ಹಳೆಯದಕ್ಕೆ ವಿನಾಯಿತಿ ಇದೆ ಅಂತ ಓದಿದ್ದೆ.

— ಅಲ್ಲಿನ 1968ರ ಕಾಯಿದೆ ಪ್ರಕಾರ 1898ರವರೆಗೆ ತಯಾರಾದದ್ದು ಪುರಾತನ ವಸ್ತು. ನಮ್ಮಲ್ಲಿ ವಯಸ್ಸೊಂದೇ ಸಾಲದು. ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಲಾರದಂಥದ್ದಾಗಿರಬೇಕು, ಆಗ ಮಾತ್ರ ಅದು ಗೋಡೆಯ ಮೇಲಿನ ಅಲಂಕಾರ. ಹಾರುವುದಾದರೆ ಮುತ್ತಜ್ಜನ ಕೇಪಿನ ಕೋವಿಯೂ ಕೋವಿಯೇ. ನನಗೆ ಇದು ಸರಿ ಎನಿಸುತ್ತದೆ. ಗುಂಡಿಗೆ ತಾನು ಎಷ್ಟು ವರ್ಷದ ನಳಿಗೆಯಿಂದ ಹೊರಟೆ ಅನ್ನುವುದು ಗೊತ್ತಿರುವುದಿಲ್ಲ.

— ಬೋರಿನ ವಿಷಯದಲ್ಲೂ ಏನೋ ತಕರಾರು ಇದೆಯಲ್ಲ?

— ಇದೆ. .455 ಆಗಲಿ .380 ಆಗಲಿ ಹಿಡಿಸುವ ರಿವಾಲ್ವರ್ ನಮ್ಮಲ್ಲಿ ನಿಷಿದ್ಧ ಬೋರು. ಸೈನ್ಯದ ತೋಟಾ ಅದಕ್ಕೆ ಕೂರುತ್ತದೆ ಅನ್ನುವ ಕಾರಣಕ್ಕೆ. ಅಜ್ಜಯ್ಯನಿಗೆ ದೊಡ್ಡದರ ಮೇಲೆ ಆಸೆ ಇತ್ತಂತೆ, ಅಂಗಡಿಯವರು ಬುದ್ಧಿ ಹೇಳಿ .32 ಕೊಡಿಸಿದರು. ಅದರಿಂದಲೇ ಇದು ಇವತ್ತಿಗೂ ಬದುಕಿದೆ. ಈ ತೋಟಾ ಹುಟ್ಟಿದ್ದು 1896ರಲ್ಲಿ, ಅಮೆರಿಕದ ಸ್ಮಿತ್ ಅಂಡ್ ವೆಸನ್‌ನವರ ಕೈಯಲ್ಲಿ. ಸಾಧು ಸ್ವಭಾವದ್ದು, ಕೈಗೆ ಹೆಚ್ಚು ಒದೆಯುವುದಿಲ್ಲ. ಅದಕ್ಕೇ ಇಂದಿಗೂ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಇದನ್ನು ಬಳಸುತ್ತಾರೆ, ಚಪ್ಪಟೆ ಮೂತಿಯ ಗುಂಡು ಕೂರಿಸಿ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದು ಆ ಸ್ಪರ್ಧೆಯಲ್ಲೇ.

— ಅವರ ಕೈಯಲ್ಲಿದ್ದದ್ದು ಸ್ಪರ್ಧೆಯ ಪಿಸ್ತೂಲು. ಇದು ಹಾಗೆ ಹೊಡೆಯುತ್ತದಾ?

— ಇಲ್ಲ. ಸುಳ್ಳು ಹೇಳುವುದಿಲ್ಲ. ನಳಿಗೆ ಗಿಡ್ಡ, ಗುರಿ ನೋಡುವ ಕಂಡಿ ಕಿರಿದು. ಆ ಕಂಡಿ ಎಲ್ಲಿದೆ ನೋಡು, ನಳಿಗೆಯನ್ನು ಹಿಡಿದಿಡುವ ಈ ಕೊಕ್ಕೆಯ ನೆತ್ತಿಯ ಮೇಲೆ. ಕೊಕ್ಕೆ ಸಡಿಲವಾದರೆ ಗುರಿಯೂ ಸಡಿಲ. ಮಡಚುವ ರಿವಾಲ್ವರಿನ ಸುಖವೂ ಕಷ್ಟವೂ ಒಂದೇ ಜಾಗದಲ್ಲಿವೆ. ಮುಚ್ಚಿ, ನಳಿಗೆ ಹಿಡಿದು ಮೆಲ್ಲಗೆ ಅಲುಗಿಸು. ಲಟಪಟ ಅಂದರೆ ಹೊಡೆಯಬಾರದು.

— ಗಟ್ಟಿ ಇದೆ.

— ಈಗ ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಕುದುರೆಯನ್ನು ನಿಧಾನಕ್ಕೆ ಹಿಂದಕ್ಕೆಳೆ. ಸಿಲಿಂಡರ್ ಒಂದು ಮನೆ ತಿರುಗಿ ಕಟ್ ಎಂದು ನಿಲ್ಲಬೇಕು. ನಿಂತ ಮನೆಯೂ ನಳಿಗೆಯೂ ಒಂದೇ ನೇರಕ್ಕೆ ಇರಬೇಕು. ಕೂದಲೆಳೆ ತಪ್ಪಿದರೂ ಗುಂಡು ಹೊರಡುವಾಗ ನಳಿಗೆಯ ಬಾಯಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣಿಗೆ ಅಪಾಯ. ಆರೂ ಮನೆಗೆ ಹೀಗೆ ನೋಡಬೇಕು, ಒಂದಕ್ಕೆ ನೋಡಿ ಸರಿ ಅನ್ನಬಾರದು. ಕುದುರೆ ಇಳಿಸುವಾಗ ಹೆಬ್ಬೆರಳು ಬಿಡಬೇಡ.

— ವರ್ಷಕ್ಕೆ ಎಷ್ಟು ಹೊಡೆಯುತ್ತೀರಿ?

— ಹನ್ನೆರಡು. ರೇಂಜಿನಲ್ಲಿ ಮಾತ್ರ, ಹತ್ತು ಮೀಟರಿನಿಂದ. ತೋಟದಲ್ಲಿ, ಹೊಳೆ ಬದಿಯಲ್ಲಿ, ಮದುವೆ ಚಪ್ಪರದಲ್ಲಿ ಎಂದೂ ಹೊಡೆದಿಲ್ಲ. ಮುಗಿಲಿಗೆ ಹೊಡೆದ ಗುಂಡು ಮುಗಿಲಲ್ಲೇ ಇರುವುದಿಲ್ಲ, ಯಾರದೋ ಹೆಂಚಿನ ಮೇಲೆ ಇಳಿಯುತ್ತದೆ.

— ಕಳೆದ ವರ್ಷ ಹೊಡೆದ ಗುರಿಕಾಗದ ನೋಡಿದೆ. ಎಲ್ಲ ಕೆಳಕ್ಕೆ, ಎಡಕ್ಕೆ ಗುಂಪಾಗಿವೆ. ತರಬೇತಿಯಲ್ಲಿ ನನಗೂ ಹಾಗೇ ಆಗುತ್ತಿತ್ತು. ಟ್ರಿಗರ್ ಎಳೆಯುವ ಬೆರಳಿನ ಜೊತೆ ಇಡೀ ಮುಷ್ಟಿ ಬಿಗಿಯುತ್ತದೆ, ಶಬ್ದ ಬರುವ ಮುಂಚೆಯೇ ಮೈ ಹೆದರುತ್ತದೆ. ಮುಂದಿನ ಗುರಿಮೊನೆ ಸ್ಪಷ್ಟ ಕಾಣಲಿ, ಗುರಿಕಾಗದ ಮಸುಕಾದರೂ ಚಿಂತೆಯಿಲ್ಲ ಅಂತ ಹೇಳಿಕೊಟ್ಟರು.

— ಹೇಳಿದೆಯಲ್ಲ, ಈ ಸಲ ಹಾಗೇ ಮಾಡಿ ನೋಡುತ್ತೇನೆ. ನಲವತ್ತು ವರ್ಷ ಹೊಡೆದರೂ ಆ ಹೆದರಿಕೆ ಹೋಗಿಲ್ಲ ನನಗೆ. ಎರಡು ವರ್ಷದ ಹಿಂದೆ ಒಂದು ತೋಟಾ ಫುಸ್ಸೆಂದಿತು. ಶಬ್ದವಿಲ್ಲ, ಒದೆತವಿಲ್ಲ. ಪಕ್ಕದವರು ಮುಂದಿನದು ಹೊಡೀರಿ ಅಂದರು. ನಾನು ಹೊಡೆಯಲಿಲ್ಲ. ನಳಿಗೆ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ನಿಂತೆ, ಆಮೇಲೆ ತೆರೆದು ತೋಟಾ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದರೆ ಬೆಳಕೇ ಬರಲಿಲ್ಲ. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಬಿರಿಯುತ್ತಿತ್ತು. ಅದು ಅಜ್ಜಯ್ಯನ ಕಾಲದ ಉಳಿಕೆ ತೋಟಾ. ಆಮೇಲೆ ಹಳೆಯದನ್ನೆಲ್ಲ ರಸೀದಿ ಪಡೆದು ಒಪ್ಪಿಸಿಬಿಟ್ಟೆ. ಈಗ ಖಡ್ಕಿಯ ಕಾರ್ಖಾನೆಯದ್ದೇ.

— ಹಳೆಯ ತೋಟಾ ಹೊಡೆದ ಮೇಲೆ ಬಿಸಿನೀರಲ್ಲಿ ತೊಳೆಯುತ್ತಿದ್ದಿರಲ್ಲ, ನನಗೆ ನೆನಪಿದೆ. ಕೋವಿಗೆ ನೀರು ಹಾಕುತ್ತಾರಾ ಅಂತ ಅಮ್ಮ ಬೈದಿದ್ದರು.

— ಆ ಕಾಲದ ಕೇಪಿನ ಮಸಾಲೆ ಸಿಡಿದ ಮೇಲೆ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಅಡುಗೆ ಉಪ್ಪಿನ ಹಾಗೇ ಅದು ಗಾಳಿಯ ತೇವ ಎಳೆಯುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಲ್ಲಿ ಕರಗುತ್ತದೆ. ಕುದಿಯುವ ನೀರು ಹೊಯ್ದರೆ ಉಪ್ಪೂ ಹೋಗುತ್ತದೆ, ಕಾದ ಉಕ್ಕು ತಾನಾಗಿ ಒಣಗುತ್ತದೆ, ಆಮೇಲೆ ಎಣ್ಣೆ. ನಿನ್ನ ಅಮ್ಮನಿಗೆ ಇದನ್ನು ವಿವರಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಹೇಳಬೇಕಿತ್ತು.

— ನೀವು ಉತ್ತರ ಇನ್ನೂ ಹೇಳಲಿಲ್ಲ. ಯಾಕೆ ಇಟ್ಟುಕೊಳ್ಳಬೇಕು? ಹೊಸದು ಬೇಕೆಂದರೆ ಕಾನ್ಪುರದಲ್ಲಿ ಸರಕಾರಿ ಕಾರ್ಖಾನೆಯವರೇ .32 ಮಾಡುತ್ತಾರೆ. 2014ರಲ್ಲಿ ಹೆಂಗಸರಿಗೆಂದೇ ನಿರ್ಭೀಕ್ ಅಂತ ತಂದರು, ಅರ್ಧ ಕಿಲೋ ತೂಕದ್ದು. ವೆಬ್ಲಿಯವರ ಹೆಸರಿನಲ್ಲೇ ಉತ್ತರ ಪ್ರದೇಶದ ಹರ್ದೋಯಿಯಲ್ಲಿ ತಯಾರಾಗುತ್ತಿದೆಯಂತೆ. ನನಗೆ ಅದೂ ಬೇಡ. ಇದನ್ನು ಹತ್ತಿರ ಇಟ್ಟುಕೊಂಡರೆ ಧೈರ್ಯ ಬರುತ್ತದೆ ಅಂತ ನನಗೆ ಒಂದು ದಿನವೂ ಅನಿಸಿಲ್ಲ.

— ಧೈರ್ಯಕ್ಕಾಗಿ ಇಟ್ಟುಕೊಳ್ಳುವವರ ಕೈಗೆ ಇದನ್ನು ನಾನು ಕೊಡುವುದೂ ಇಲ್ಲ. 2019ರಲ್ಲಿ ಕಾಯಿದೆ ತಿದ್ದಿ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಅಂದಾಗ ನಾನು ರೈಫಲ್ ಬಿಟ್ಟೆ, ಇದನ್ನು ಬಿಡಲಿಲ್ಲ. ರೈಫಲ್ ಒಳ್ಳೆಯ ಬೆಲೆಯದು, ಕೆಲಸಕ್ಕೂ ಬರುತ್ತಿತ್ತು. ಎಲ್ಲರೂ ನನಗೆ ತಿಳಿವಳಿಕೆ ಇಲ್ಲ ಅಂದರು. ಕಾರಣ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ, ಕೂತುಕೋ.

— ಹೇಳಿ.

— 1965ರ ಮಳೆಗಾಲ. ನನಗೆ ಹನ್ನೊಂದು, ನಿನ್ನ ಚಿಕ್ಕಪ್ಪನಿಗೆ ಏಳು. ಶನಿವಾರ. ಬಟವಾಡೆ ಮುಗಿಸಿ ಅಜ್ಜಯ್ಯ ಊಟಕ್ಕೆ ಕೂತಿದ್ದರು. ಇದಿದ್ದ ಸೊಂಟದ ಪಟ್ಟಿಯನ್ನು ನಡುಮನೆಯ ಗೂಟಕ್ಕೆ ತಗುಲಿಹಾಕಿದ್ದರು. ಬೇರೆ ದಿನ ಕೈತೊಳೆಯುವ ಮೊದಲೇ ಬೀರುವಿಗೆ ಹೋಗುತ್ತಿತ್ತು, ಅವತ್ತು ಜ್ವರ ಅವರಿಗೆ. ನಾನು ಸ್ಟೂಲು ಹಾಕಿ ತೆಗೆದೆ. ನಿನ್ನ ಚಿಕ್ಕಪ್ಪ ಪಣತದ ಪಕ್ಕ ಕಂಬಳಿ ಹೊದ್ದು ಕಳ್ಳನಾಗಿದ್ದ. ನಾನು ಪೊಲೀಸ್.

— ಅದರಲ್ಲಿ ತೋಟಾ ಇತ್ತಾ?

— ಐದು ಇತ್ತು. ಅಜ್ಜಯ್ಯ ಆರು ತುಂಬುತ್ತಿರಲಿಲ್ಲ. ಕುದುರೆಯ ಕೆಳಗಿನ ಮನೆ ಖಾಲಿ ಬಿಡುತ್ತಿದ್ದರು. ಕೈಜಾರಿ ಬಿದ್ದರೆ ಹಾರಬಾರದು ಅಂತ.

— ಅಬ್ಬ. ಹಾಗಾದರೆ ಅದೇ ಕಾಪಾಡಿತು.

— ಇಲ್ಲ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ಕುದುರೆ ಎಳೆದಾಗ ಏನಾಯಿತು?

— ಸಿಲಿಂಡರ್ ತಿರುಗಿತು. ಅಂದರೆ... ಟ್ರಿಗರ್ ಎಳೆದರೂ ತಿರುಗುತ್ತದೆ. ಖಾಲಿ ಮನೆ ಆಚೆ ಹೋಗಿ ತುಂಬಿದ್ದು ಬರುತ್ತದೆ.

— ಹೌದು. ಬಿದ್ದರೆ ಕಾಪಾಡುವ ಖಾಲಿ ಮನೆ, ಎಳೆದರೆ ಕಾಪಾಡುವುದಿಲ್ಲ. ನಾನು ಎಳೆದೆ. ಕುದುರೆ ಎತ್ತದೆ ಹಾಗೇ ಎಳೆದರೆ ಟ್ರಿಗರ್ ಬಹಳ ಬಿಗಿ, ಹನ್ನೊಂದರ ಹುಡುಗನ ಒಂದು ಬೆರಳಿಗೆ ಬಗ್ಗುವುದಲ್ಲ. ಎರಡೂ ಕೈಯ ಬೆರಳು ಹಾಕಿದೆ. ಕುದುರೆ ಏಳತೊಡಗಿತು. ಅರ್ಧ ಎದ್ದದ್ದು ನನಗೆ ಕಂಡಿತು, ಸಿಲಿಂಡರ್ ತಿರುಗಿದ್ದೂ ಕಂಡಿತು. ಆ ಕಂಬಳಿಯೊಳಗಿನಿಂದ ಅವನು ನಗುತ್ತಿದ್ದ. ನನ್ನ ಬೆರಳು ಸೋತವು. ಬಿಟ್ಟೆ. ಕುದುರೆ ಮೆಲ್ಲಗೆ ಮರಳಿ ಕೂತಿತು. ಒಳಗಿನಿಂದ ಅಜ್ಜಿ ಮಜ್ಜಿಗೆಗೆ ಕರೆದರು. ಇದನ್ನು ಪಟ್ಟಿಗೆ ಸೇರಿಸಿ ಊಟಕ್ಕೆ ಹೋದೆ.

— ಯಾರೂ ನೋಡಲಿಲ್ಲವಾ?

— ಯಾರೂ ನೋಡಲಿಲ್ಲ. ಅಷ್ಟು ಹೊತ್ತೂ ಅದು ಆಟವೇ ಆಗಿತ್ತು ನನಗೆ. ಇಪ್ಪತ್ತು ವರ್ಷದ ಮೇಲೆ ಆ ರಿಪೇರಿಯ ಮುದುಕರು ಇದನ್ನು ಬಿಚ್ಚಿ ಮೇಜಿನ ಮೇಲೆ ಹರಡಿ, ಈ ಸಣ್ಣ ಕೊಕ್ಕೆ ಸಿಲಿಂಡರನ್ನು ಹೇಗೆ ಮುಂದಕ್ಕೆ ತಳ್ಳುತ್ತದೆ ಅಂತ ತೋರಿಸಿದರು. ಅವತ್ತು ಅವರ ಅಂಗಡಿಯ ಬೆಂಚಿನ ಮೇಲೆ ಕೂತಲ್ಲೇ ನನ್ನ ಕೈಕಾಲು ತಣ್ಣಗಾದವು. ಎಷ್ಟು ಬಾಕಿ ಇತ್ತು ಅನ್ನುವುದು ಆಗ ಗೊತ್ತಾಯಿತು. ಕಾಲು ಅಂಗುಲ ಇರಬಹುದು. ಅವನ ಮದುವೆಯಲ್ಲಿ, ಅವನ ಮಕ್ಕಳ ನಾಮಕರಣದಲ್ಲಿ, ನಮ್ಮಿಬ್ಬರ ನಡುವೆ ತೋಟದ ಪಾಲಿನ ಜಗಳ ನಡೆದಾಗ, ಆ ಕಾಲು ಅಂಗುಲ ನನ್ನ ಕಣ್ಣ ಮುಂದೆ ಇರುತ್ತಿತ್ತು. ಪಾಲಿನ ವಿಷಯದಲ್ಲಿ ನಾನು ಅಷ್ಟು ಬೇಗ ಸೋತೆನಲ್ಲ, ನಿನ್ನ ಅಮ್ಮನಿಗೆ ಅದು ಕೊನೆಯವರೆಗೂ ಅರ್ಥವಾಗಲಿಲ್ಲ.

— ಅಪ್ಪಯ್ಯ...

— ಡೀಲರ್‌ಗೆ ಕೊಟ್ಟರೆ ಇದು ಯಾರದೋ ಬೀರು ಸೇರುತ್ತದೆ. ಅವರು ಹಳೆಯದು, ವಿದೇಶದ್ದು, ಬೆಲೆಬಾಳುವುದು ಅಂತ ಇಟ್ಟುಕೊಳ್ಳುತ್ತಾರೆ. ಇದು ಅರ್ಧ ಎಳೆದಾಗ ಏನು ಮಾಡುತ್ತದೆ ಅಂತ ನೋಡಿದ ಕಣ್ಣು ಆ ಮನೆಯಲ್ಲಿ ಇರುವುದಿಲ್ಲ. ನನಗೆ ಆ ಭಯ. ಇಲ್ಲಿದ್ದರೆ ನಾನು ಬೀಗದ ಕೈ ಎಲ್ಲಿದೆ, ತೋಟಾ ಎಲ್ಲಿದೆ ಅಂತ ರಾತ್ರಿ ಎದ್ದು ನೋಡುತ್ತೇನೆ. ಈ ನಲವತ್ತು ವರ್ಷವೂ ನೋಡಿದ್ದೇನೆ. ಚುನಾವಣೆ ಬಂದು ಇದನ್ನು ಒಪ್ಪಿಸಿಟ್ಟ ಆ ಒಂದೆರಡು ತಿಂಗಳು ಮಾತ್ರ ನನಗೆ ಗಡದ್ದಾಗಿ ನಿದ್ದೆ.

— ಆ ನಿದ್ದೆಗೆಟ್ಟ ಕೆಲಸವನ್ನು ನನಗೆ ಕೊಡುತ್ತಿದ್ದೀರಿ.

— ಕೊಡುತ್ತಿದ್ದೇನೆ. ಬೇಡ ಅಂದರೆ ಬೇಡ. ಬಲವಂತ ಇಲ್ಲ.

— ಚಿಕ್ಕಪ್ಪನಿಗೆ ಗೊತ್ತಾ?

— ಅವನಿಗೆ ಆ ಆಟವೂ ನೆನಪಿರಲಿಕ್ಕಿಲ್ಲ.

— ಅವರಿಗೆ ಹೇಳಿ. ಪೂಜೆಗೆ ಬರುತ್ತಿದ್ದಾರಲ್ಲ. ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ಅರ್ಜಿಯಲ್ಲಿ ನನ್ನ ಹೆಸರು ಬರೆಯಿರಿ. ತರಬೇತಿಯ ಸರ್ಟಿಫಿಕೇಟ್ ಹೇಗೂ ತಂದಿದ್ದೇನೆ. ಹೆಸರು ಬರುವವರೆಗೆ ನಾನು ಹೊಡೆಯುವುದಿಲ್ಲ, ರೇಂಜಿಗೆ ಬಂದು ನೀವು ಹೊಡೆಯುವುದನ್ನು ನೋಡುತ್ತೇನೆ. ಆದರೆ ಚಿಕ್ಕಪ್ಪನಿಗೆ ತಿಳಿಯದ ವಿಷಯವನ್ನು ಹೊತ್ತುಕೊಂಡು ನಾನು ಇದನ್ನು ಇಟ್ಟುಕೊಳ್ಳಲಾರೆ.

— ಅರವತ್ತು ವರ್ಷವಾಯಿತು ಮಗಳೇ. ಹೇಗೆ ಶುರು ಮಾಡಲಿ?

— ನನಗೆ ಶುರು ಮಾಡಿದ ಹಾಗೇ. 1965ರ ಮಳೆಗಾಲ ಅಂತ.

— ನಾಯಿ ಬೊಗಳುತ್ತಿದೆ. ಅವನ ಜೀಪೇ ಇರಬೇಕು, ತಿರುವಿನಲ್ಲಿ ಗೇರು ಇಳಿಸುವ ಶಬ್ದ ಅವನದೇ. ಇತ್ತ ಕೊಡು, ಮುಚ್ಚಿ ಬೀರುವಿಗೆ ಇಡುತ್ತೇನೆ.

— ಮುಚ್ಚಬೇಡಿ ಅಪ್ಪಯ್ಯ. ಹಾಗೇ ತೆರೆದು ಮೇಜಿನ ಮೇಲಿರಲಿ, ಬಾಗಿಲಿಂದ ಬರುವಾಗಲೇ ಖಾಲಿ ಇದೆ ಅಂತ ಅವರಿಗೆ ಕಾಣಲಿ. ನಾನು ಕಾಫಿಗೆ ಇಡುತ್ತೇನೆ.